ಹಾಲಿನ ದುಡ್ಡು ಮನೆಗೆ, ಕಬ್ಬಿನ ದುಡ್ಡು ಸಾಲಕ್ಕೆ

ತಿಂಗಳ ಮೊದಲ ದಿನ ಸಂಬಳ ಬಿಡಿಸಿಕೊಂಡು ಬಂದು, ಎಂಟು ಹತ್ತು ಕವರ್ ಹರಡಿಕೊಂಡು ಕೂತು, ದಿನಸಿಗಿಷ್ಟು, ತರಕಾರಿಗಿಷ್ಟು, ಸ್ಕೂಲ್ ಫೀಸಿಗಿಷ್ಟು ಎಂದು ನೋಟು ಎಣಿಸಿ ತುಂಬಬೇಕು. ತರಕಾರಿಯ ಕವರ್ ಇಪ್ಪತ್ತನೇ ತಾರೀಕಿಗೇ ಖಾಲಿಯಾದರೆ ಉಳಿದ ಹತ್ತು ದಿನ ಹುರುಳಿಕಾಳು, ಹಿತ್ತಲ ಸೊಪ್ಪು. ಪಕ್ಕದ ಕವರಿಗೆ ಕೈ ಹಾಕುವಂತಿಲ್ಲ. ಮನೆಖರ್ಚು ಹದ್ದುಬಸ್ತಿಗೆ ಬರಲು ಇದಕ್ಕಿಂತ ಸಲೀಸಾದ ಉಪಾಯ ಇಲ್ಲ ಎಂದು ಯೂಟ್ಯೂಬಿನ ಹಣಕಾಸು ಪಂಡಿತರು ಹೇಳುತ್ತಿರುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ಸಂಬಳದ ಮನೆಗೆ ಹೇಳಿ ಮಾಡಿಸಿದ ಮಾತು.

ಮಂಡ್ಯ ಪೇಟೆ ದಾಟಿ ಮದ್ದೂರಿನ ಕಡೆಗೋ ಮಳವಳ್ಳಿಯ ಕಡೆಗೋ ಹೊರಟರೆ, ನಾಲೆಯ ಆಚೀಚಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಒಂದನೇ ತಾರೀಕು ಎಂಬುದೇ ಇಲ್ಲ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆಯವರು ಕೊಟ್ಟಾಗ. ಡೈರಿಯ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ. ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಿ, ರಾಮನಗರದ ಮಾರುಕಟ್ಟೆ ಕಂಡಾಗ ಗೂಡಿನ ದುಡ್ಡು. ಗಾರ್ಮೆಂಟ್ಸಿಗೆ ಹೋಗುವ ಸೊಸೆಗೋ ಮಗಳಿಗೋ ಮಾತ್ರ ತಿಂಗಳ ಸಂಬಳ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಬಂದ ದಿನವೇ ತಾರೀಕು; ಕೆಲವೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬಂದು ಬೀಳುತ್ತದೆ, ಕೆಲವೊಮ್ಮೆ ಸುದ್ದಿಯೇ ಇರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕಟ್ಟಿದವನ ಹಾಸಿಗೆ ವರ್ಷವಿಡೀ ಒಂದೇ ಉದ್ದ ಇದ್ದಿರಬೇಕು. ಕಬ್ಬಿನ ಮನೆಯಲ್ಲಿ ಅದು ಒಂದು ತಿಂಗಳು ಜಮಖಾನದಷ್ಟು, ಉಳಿದ ಹನ್ನೊಂದು ತಿಂಗಳು ಟವೆಲಿನಷ್ಟು.

ಹಾಗೆಂದು ಈ ಊರುಗಳಲ್ಲಿ ಕವರ್ ಲೆಕ್ಕ ಇಲ್ಲವೆಂದಲ್ಲ. ಇದೆ, ತಲೆಕೆಳಗಾಗಿದೆ. ಸಂಬಳದ ಮನೆಯಲ್ಲಿ ದುಡ್ಡು ಮೊದಲು ಬರುತ್ತದೆ, ಆಮೇಲೆ ಅದಕ್ಕೆ ಹೆಸರಿಡುತ್ತಾರೆ. ಇಲ್ಲಿ ದುಡ್ಡು ಹೆಸರಿಟ್ಟುಕೊಂಡೇ ಮನೆಗೆ ಬರುತ್ತದೆ. ಹಾಲಿನ ದುಡ್ಡು ಮನೆಖರ್ಚಿನದು. ಕಬ್ಬಿನ ದುಡ್ಡು ಸಾಲದ್ದು, ಮದುವೆಯದು, ಮನೆ ಕಟ್ಟುವುದರದು. ಗೂಡಿನ ದುಡ್ಡಿನಲ್ಲಿ ಸ್ಕೂಲ್ ಫೀಸು. ಕೋಳಿ, ಮೊಟ್ಟೆ, ಹುಣಿಸೆಹಣ್ಣು ಮಾರಿದ ಚಿಲ್ಲರೆ ಅತ್ತೆಯ ಸಂಚಿಗೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಬರೆದಿಟ್ಟದ್ದೂ ಅಲ್ಲ. ಆದರೆ ಹಾಲಿನ ದುಡ್ಡನ್ನು ಗಂಡಸು ಬೈಕಿನ ಕಂತಿಗೆ ಎತ್ತಿಕೊಂಡನೆಂದರೆ ಆ ಮನೆಯಲ್ಲಿ ಜಗಳ ಗ್ಯಾರಂಟಿ. ಮೊತ್ತ ಸಣ್ಣದಿರಬಹುದು, ಹೆಸರು ಕೆಟ್ಟಿತಲ್ಲ!

ಈ ವ್ಯವಸ್ಥೆಗೆ ಏನಿಲ್ಲವೆಂದರೂ ತೊಂಬತ್ತು ವರ್ಷದ ವಯಸ್ಸು. 1911ರಲ್ಲಿ ಕೆಲಸ ಹಿಡಿದ ಕನ್ನಂಬಾಡಿ ಕಟ್ಟೆ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಆಗಿನ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಜಿಲ್ಲೆಯೇ ಬೇರೆಯಾಯಿತು. ರಾಗಿ, ಹುರುಳಿ ಬೆಳೆದು ಪಣತ ತುಂಬಿಸಿಕೊಳ್ಳುತ್ತಿದ್ದ ಮನೆಗೆ ವರ್ಷಕ್ಕೊಮ್ಮೆ ಕಂತೆ ನೋಟು ಬರತೊಡಗಿದ್ದು ಆಗ. ರಾಗಿ ಪಣತದಲ್ಲಿದ್ದರೆ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ, ದಿನಕ್ಕೆ ಇಂತಿಷ್ಟು ಸೇರು ಎಂದು ಅಳೆದು ತೆಗೆಯಬಹುದು. ನೋಟಿಗೆ ಆ ಅಳತೆ ಇಲ್ಲ.

ಆ ಬದಲಾವಣೆಯನ್ನು ಹತ್ತಿರ ಕೂತು ಲೆಕ್ಕ ಬರೆದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಈ ಹೆಣ್ಣುಮಗಳು 1954ರಿಂದ 1956ರವರೆಗೆ ಮಂಡ್ಯದ ಸುತ್ತಲಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. 1962ರಲ್ಲಿ ಬಂದ ಅವರ ಪುಸ್ತಕದಲ್ಲಿ ಆ ಹಳ್ಳಿಗಳಿಗೆ ವಂಗಲ, ದಲೇನ ಎಂಬ ಮರೆಹೆಸರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದು ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ನೀರು ಬಂದ ಊರು ಕಾರ್ಖಾನೆಯೊಂದಿಗೆ ಒಪ್ಪಂದ ಮಾಡಿಕೊಂಡು ಕಬ್ಬು ಹಾಕಿತು, ಊರಿನ ಕಟ್ಟುಪಾಡು ಬಹುಮಟ್ಟಿಗೆ ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯ ಪೇಟೆಗೆ ಕೆಲಸಕ್ಕೆ ಹೋದರು, ಗಾಡಿ ಕಟ್ಟಿದರು, ವ್ಯಾಪಾರ ಹಿಡಿದರು. ಬದಲಾದದ್ದು ಹೆಚ್ಚಾಗಿ ಈ ಒಣ ಊರು. ಎಪ್‌ಸ್ಟೈನ್ ಮನೆಮನೆಯ ಆದಾಯ, ಖರ್ಚು ಬರೆಸಿಕೊಂಡಿದ್ದರು. ಊರಿನವರ ಒಳ ಸಂಗತಿ ತಿಳಿಯಲು ದೇವರ ಕತೆ, ಕುಲದ ಕತೆಗಳ ಜೊತೆಗೆ ಮನೆಯ ಜಮಾಖರ್ಚನ್ನೂ ಕೇಳಬೇಕು ಎಂದು ಅವರಿಗೆ ಆಗಲೇ ಹೊಳೆದಿತ್ತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಇಂದು ಅದೇ ಸೀಮೆಯ ಒಂದೇ ಮನೆಯೊಳಗೆ ವಂಗಲವೂ ಇದೆ, ದಲೇನವೂ ಇದೆ. ಮಾವ ಕಬ್ಬಿನ ಗದ್ದೆಯಲ್ಲಿ, ಸೊಸೆ ಫ್ಯಾಕ್ಟರಿ ಬಸ್ಸಿನಲ್ಲಿ.

ಆ ಸೊಸೆಯ ಕವರ್‌ಗಳನ್ನು ನೋಡೋಣ. ಕವರ್ ಎಂದರೆ ಹೊಸದಾಗಿ ಕೊಂಡದ್ದಲ್ಲ. ಮನೆಗೆ ಬಂದ ಮದುವೆಯ ಕಾಗದದ ಕವರುಗಳೇ. ಒಂದರ ಮೇಲೆ ಗಣಪತಿ, ಇನ್ನೊಂದರ ಮೇಲೆ ಕಳಸ, ಮೂಲೆಯಲ್ಲಿ ಅರಿಶಿನದ ಕಲೆ. ಹಿಂಬದಿಯ ಖಾಲಿ ಜಾಗದಲ್ಲಿ ಬಾಲ್ ಪೆನ್ನಿನಲ್ಲಿ ದಿನಸಿ, ಗ್ಯಾಸು, ಸ್ಕೂಲು, ಆಸ್ಪತ್ರೆ, ಸಂಘ, ಮುಯ್ಯಿ. ಎಲ್ಲಕ್ಕೂ ಸೇರಿ ಒಂದು ರಬ್ಬರ್ ಬ್ಯಾಂಡು, ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಜಾಗ. ಬಸ್ ಚಾರ್ಜು ಎಂಬ ಕವರ್ ಮೊದಲು ಇತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಖಾಲಿಯಾಗಿ ಬೇರೆ ಹೆಸರು ಪಡೆಯಿತು. ಗೃಹಜ್ಯೋತಿ ಬಂದ ಮೇಲೆ ಕರೆಂಟಿನ ಕವರಿಗೂ ಅದೇ ಗತಿ.

ಒಂದು ಲೆಕ್ಕ ಹಾಕಿ ನೋಡಬಹುದು. ಇದು ಯಾರೊಬ್ಬರ ಮನೆಯದೂ ಅಲ್ಲ, ಹತ್ತಾರು ಮನೆಗೆ ಹೊಂದುವಂಥದ್ದು. ಗಾರ್ಮೆಂಟ್ಸಿನ ಸಂಬಳ ಕೈಗೆ 13,000. ಎರಡು ಹಸುವಿನ ಹಾಲಿನಲ್ಲಿ ಫೀಡು, ಬೂಸ, ಡಾಕ್ಟರ ಖರ್ಚು ಕಳೆದು ತಿಂಗಳಿಗೆ 5,000. ಒಟ್ಟು 18,000. ಗೃಹಲಕ್ಷ್ಮಿಯನ್ನು ಸೇರಿಸಿಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲದ ದುಡ್ಡಿಗೆ ಮೊದಲೇ ಖರ್ಚು ಹಚ್ಚಬಾರದು. ಅಕ್ಕಿ ರೇಷನ್ನಿನದು, ರಾಗಿ ಹೊಲದ್ದು. ದಿನಸಿಗೆ 5,000. ತರಕಾರಿ, ಭಾನುವಾರದ ಬಾಡು ಸೇರಿ ವಾರಕ್ಕೆ 600ರಂತೆ 2,400. ಗ್ಯಾಸಿಗೆ 900, ಮಕ್ಕಳ ಸ್ಕೂಲಿಗೆ 2,500, ಆಸ್ಪತ್ರೆಗೆ 1,000, ಮುಯ್ಯಿಗೆ 1,200, ಮೊಬೈಲಿಗೆ 600. ಸಂಘದ ಸಾಲದ ಕಂತು ವಾರಕ್ಕೆ 900ರಂತೆ 3,600. ಕೂಡಿದರೆ 17,200. ಉಳಿದ 800 ಕೈಖರ್ಚಿಗೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಆದರೆ ಎರಡನೆಯ ತಿಂಗಳೋ ಮೂರನೆಯ ತಿಂಗಳೋ ಇದು ಮುಗ್ಗರಿಸುತ್ತದೆ. ಹೆಂಗಸು ದುಂದು ಮಾಡಿದಳೆಂದು ಮನೆಯವರು ಗೊಣಗುತ್ತಾರೆ. ನಿಜವಾದ ತಪ್ಪು ಕ್ಯಾಲೆಂಡರಿನಲ್ಲಿದೆ. ಸಂಬಳ ತಿಂಗಳಿಗೆ, ಕಂತು ಮತ್ತು ಸಂತೆ ವಾರಕ್ಕೆ. ವರ್ಷಕ್ಕೆ ಹನ್ನೆರಡು ಸಂಬಳ, ಆದರೆ 52 ವಾರ. ನಾಲ್ಕು ವಾರಕ್ಕೊಂದು ತಿಂಗಳು ಎಂದು ಹಿಡಿದರೆ 48 ವಾರದ ಲೆಕ್ಕವಷ್ಟೇ ಸಿಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಐದು ಕಂತು, ಐದು ಸಂತೆ ಬಂದೇ ಬರುತ್ತವೆ. ಅಂಥ ತಿಂಗಳು 900 ಮತ್ತು 600 ಸೇರಿ 1,500 ಹೆಚ್ಚು ಬೇಕು, ಇರುವುದು 800. ಆದ್ದರಿಂದ ಸಂಘದ ಕವರಿಗೆ ಮೊದಲಿನಿಂದಲೇ 3,900, ತರಕಾರಿಗೆ 2,600 ಹಾಕಬೇಕು. ಕೈಖರ್ಚು ಮುನ್ನೂರಕ್ಕೆ ಇಳಿಯುತ್ತದೆ. ಕಹಿ ಲೆಕ್ಕ, ಆದರೆ ನಿಜದ ಲೆಕ್ಕ. ವಾರಕ್ಕೊಮ್ಮೆ ಕೊಡಬೇಕಾದದ್ದನ್ನು ವಾರದ ದುಡ್ಡಿನಲ್ಲೇ ತೀರಿಸುವುದು ಇನ್ನೂ ವಾಸಿ. ಹಾಲಿನ ಬಟವಾಡೆ ಸಂತೆಗೆ, ಸಂಬಳ ದಿನಸಿ, ಫೀಸಿಗೆ ಎಂದು ಹಿರಿಯರು ಗಂಟು ಹಾಕಿಟ್ಟದ್ದರಲ್ಲಿ ಈ ಲೆಕ್ಕವೇ ಅಡಗಿದೆ.

ಹಿಂದೆ ಹಾಲು ಉತ್ಪಾದಕರ ಸಂಘದ ಮುಂದೆ ಸಾಲಾಗಿ ನಿಂತು, ಪಾಸ್ ಪುಸ್ತಕ ಚಾಚಿ, ಕೈಗೆ ನೋಟು ಪಡೆಯುತ್ತಿದ್ದ ಕಾಲದಲ್ಲಿ ದುಡ್ಡು ಹೆಂಗಸಿನ ಸೆರಗಿನ ಗಂಟಿಗೆ ನೇರ ಬರುತ್ತಿತ್ತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೈರಿ ಇದೆ. ಹಳ್ಳಿಯ ಕ್ಯಾನು ಅಲ್ಲಿಗೆ ಹೋಗುತ್ತದೆ, ದುಡ್ಡು ಅಲ್ಲಿಂದ ಈಗ ಖಾತೆಗೆ ಬೀಳುತ್ತದೆ. ಖಾತೆ ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಸೊಪ್ಪು ತರುವ ದುಡ್ಡು ಯಾರ ಮೊಬೈಲಿನಲ್ಲಿ ಟಿಣ್ ಎನ್ನುತ್ತದೆ ಎಂಬುದು ತೀರ್ಮಾನವಾಗುತ್ತದೆ. ಹಸುವಿನ ಕೊಟ್ಟಿಗೆಯ ಕೆಲಸ ಮುಕ್ಕಾಲು ಪಾಲು ಹೆಂಗಸರದ್ದು. ಖಾತೆಯೂ ಅವರ ಹೆಸರಿನಲ್ಲೇ ಇರಲಿ ಎಂದು ಹೇಳಲು ಅರ್ಥಶಾಸ್ತ್ರ ಓದಬೇಕಿಲ್ಲ.

ಕವರಿನ ಮೇಲೆ ಬರೆದ ಒಂದು ಮಾತಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೆ? ಎಲ್ಲ ನೋಟೂ ಒಂದೇ, ಬೆಲೆಯೂ ಒಂದೇ. ಆದರೂ ಮನಸ್ಸು ದುಡ್ಡನ್ನು ಬೇರೆ ಬೇರೆ ಖಾನೆಯಲ್ಲಿಟ್ಟು ಎಣಿಸುತ್ತದೆ ಎಂದು ತೋರಿಸಿಕೊಟ್ಟ ರಿಚರ್ಡ್ ಥೇಲರ್ ಅವರಿಗೆ 2017ರ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ನಮಗೆ ಹೆಚ್ಚು ಹತ್ತಿರದ್ದು ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಅವರು ಭಾರತದ ಕೂಲಿ ಕಾರ್ಮಿಕರ ನಡುವೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗ. ವಾರದ ಕೂಲಿಯಲ್ಲಿ ಒಂದು ಪಾಲನ್ನು ಉಳಿತಾಯಕ್ಕೆಂದು ಕವರಿನಲ್ಲಿ ಅಂಟಿಸಿ ಕೊಟ್ಟರು. ಅದೇ ಮೊತ್ತವನ್ನು ಒಂದರ ಬದಲು ಎರಡು ಕವರಿನಲ್ಲಿ ಕೊಟ್ಟವರಲ್ಲಿ ಹೆಚ್ಚು ಉಳಿಯಿತು. ಕವರಿನ ಮೇಲೆ ಅವರವರ ಮಕ್ಕಳ ಫೋಟೊ ಇದ್ದಲ್ಲಿ ಇನ್ನೂ ಹೆಚ್ಚು ಉಳಿಯಿತು. ಬೀಗವೂ ಇಲ್ಲ, ಕಾವಲೂ ಇಲ್ಲ. ಕವರ್ ಹರಿಯುವ ಮುಂಚೆ ಮಗುವಿನ ಮುಖ ನೋಡಬೇಕು, ಅಷ್ಟೇ.

ಮಳವಳ್ಳಿ ಕಡೆಯ ಮುದುಕಿಯರಿಗೆ ಈ ಪ್ರಯೋಗ ಹೇಳಿದರೆ ನಕ್ಕಾರು. ಮಗುವಿಗೆ ಜ್ವರ ಬಂದಾಗ ಮಾದಪ್ಪನಿಗೋ ತಿರುಪತಿಯ ತಿಮ್ಮಪ್ಪನಿಗೋ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಗೂಡಿನಲ್ಲಿಟ್ಟರೆ ಅದು ಮುಡಿಪು. ಮನೆಯಲ್ಲಿ ಹಿಟ್ಟಿಗೆ ಗತಿ ಇಲ್ಲದ ದಿನವೂ ಆ ಗಂಟು ಬಿಚ್ಚುವವರಿಲ್ಲ. ಸಾಲ ತರುತ್ತಾರೆಯೇ ಹೊರತು ಮುಡಿಪು ಮುಟ್ಟುವುದಿಲ್ಲ.

ದೇವರ ಭಯವಿಲ್ಲದೆಯೂ ಅಷ್ಟೇ ಬಿಗಿಯಾಗಿ ನಿಲ್ಲುವ ಇನ್ನೊಂದು ಕವರ್ ಮಂಡ್ಯ ಸೀಮೆಯಲ್ಲಿದೆ. ಅದು ಮುಯ್ಯಿ. ಹೊರಗಿನ ಹಣಕಾಸು ಪಂಡಿತರ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಇದ್ದರೂ ಉಡುಗೊರೆ ಎಂದು ಬರೆದು, ಕಡಿಮೆ ಮಾಡಿ ಎಂದು ಸಲಹೆ ಕೊಟ್ಟಿರುತ್ತಾರೆ. ಕಡಿಮೆ ಮಾಡುವುದು ಹೇಗೆ? ಮದುವೆ ಛತ್ರದಲ್ಲೋ ಬೀಗರೂಟದ ಶಾಮಿಯಾನದ ಬಾಗಿಲಲ್ಲೋ ಒಂದು ಮೇಜು. ಇಬ್ಬರು ಕೂತಿರುತ್ತಾರೆ, ಇಬ್ಬರೂ ಮನೆಯವರಿಗೆ ನಂಬಿಕಸ್ಥರು. ಒಬ್ಬ ಕವರ್ ಒಡೆದು ಎಣಿಸಿ ಮೊತ್ತ ಹೇಳುತ್ತಾನೆ, ಇನ್ನೊಬ್ಬ ಉದ್ದನೆಯ ನೋಟ್ ಪುಸ್ತಕದಲ್ಲಿ ಹೆಸರು, ಊರು, ರೂಪಾಯಿ ಬರೆಯುತ್ತಾನೆ. ಪುಸ್ತಕದ ನಾಲ್ಕು ಮೂಲೆಗೂ ಅರಿಶಿನ, ಮೊದಲ ಪುಟದ ತಲೆಗೆ ಶ್ರೀ. ಕವರಿಗೆ ಒಂದು ರೂಪಾಯಿಯ ನಾಣ್ಯ ಅಂಟಿಸಿಯೇ ಅಂಗಡಿಯಲ್ಲಿ ಸಿಗುತ್ತದೆ. ಐನೂರು ಹಾಕಿದರೆ ಐನೂರ ಒಂದಾಯಿತು. ಒಂದೇ ಹೆಸರಿನವರು ಊರಿನಲ್ಲಿ ಹತ್ತು ಜನ ಇರುತ್ತಾರಾದ್ದರಿಂದ ಬರೆಯುವವನು ತಲೆ ಎತ್ತಿ ‘ಯಾವ್ ಕರೀಗೌಡ್ರು? ದೊಡ್ಮನೆಯವ್ರಾ, ಕೆರೆ ಕೆಳಗಿನವ್ರಾ?’ ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾನೆ. ಬ್ಯಾಂಕಿನವರ ಗುರುತಿನ ತಪಾಸಣೆಗಿಂತ ಇದು ಕಟ್ಟುನಿಟ್ಟು.

ಆ ಪುಸ್ತಕ ಮದುವೆಯ ಆಲ್ಬಮಿಗಿಂತ ಹೆಚ್ಚು ಕಾಲ ಬಾಳುತ್ತದೆ. ಮುಂದೆ ಅವರ ಮನೆಯ ಕಾಗದ ಬಂದಾಗ ಬೀರುವಿನಿಂದ ಅದನ್ನು ತೆಗೆದು, ನಮಗೆ ಎಷ್ಟು ಹಾಕಿದ್ದರು ಎಂದು ನೋಡಿ, ಅದಕ್ಕೆ ಇನ್ನಷ್ಟು ಸೇರಿಸಿ ಹಾಕಬೇಕು. ಹದಿನೈದು ವರ್ಷದ ಹಿಂದೆ ಇನ್ನೂರು ಹಾಕಿದವರಿಗೆ ಇಂದು ಇನ್ನೂರು ಹಾಕಿದರೆ ಮಾತು ಬರುತ್ತದೆ. ಅಂದರೆ ಇದು ಖರ್ಚೂ ಅಲ್ಲ, ದಾನವೂ ಅಲ್ಲ. ಬಡ್ಡಿಯ ಲೆಕ್ಕ ಯಾರೂ ಬಾಯಿಬಿಟ್ಟು ಆಡದ, ಆದರೆ ಎಲ್ಲರಿಗೂ ಗೊತ್ತಿರುವ ಕೈಗಡ. ಮಗಳ ಮದುವೆಯ ದಿನ ಊಟದ ಖರ್ಚಿಗೆ ಒದಗುವ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಇದೇ. ಬ್ಯಾಂಕು ಕೊಡದ ಸಾಲವನ್ನು ನೂರಾರು ಮನೆ ಸೇರಿ ಒಂದೇ ದಿನ ಕೊಡುತ್ತವೆ, ಆಮೇಲೆ ಇಪ್ಪತ್ತು ವರ್ಷ ಚೂರುಚೂರಾಗಿ ವಾಪಸು ಪಡೆಯುತ್ತವೆ. ಹೀಗಿರುವಾಗ ಮುಯ್ಯಿಯ ಕವರ್ ಖಾಲಿ ಎಂದು ಮದುವೆ ತಪ್ಪಿಸುವುದು ಸಾಲದ ಕಂತು ತಪ್ಪಿಸಿದ್ದಕ್ಕೆ ಸಮ.

ಹಾಗಾಗಿಯೇ ಆ ಕವರ್ ಮನೆಯ ಹೆಂಗಸಿಗೆ ಒಂದು ಆಯುಧ. ಸಂಜೆ ಹೊತ್ತು ಗಂಡ ಬಂದು, ಐನೂರಿದ್ದರೆ ಕೊಡು, ನಾಳೆ ಹಾಕಿಬಿಡುತ್ತೇನೆ ಎನ್ನುತ್ತಾನೆ. ‘ದುಡ್ಡಿಲ್ಲ’ ಎಂದರೆ ಸುಳ್ಳು, ‘ಕೊಡಕಿಲ್ಲ’ ಎಂದರೆ ಜಗಳ. ‘ಅದು ನಿಮ್ಮ ಅಕ್ಕನ ಮಗಳ ಮದ್ವೆ ಮುಯ್ಯಿಗೆ ಅಂತ ಮಡಗಿವ್ನಿ, ಅದ್ನ ಮಾತ್ರ ಕೇಳ್ಬ್ಯಾಡಿ’ ಎಂದರೆ ಗಂಡನ ಬಾಯಿ ಕಟ್ಟಿತು. ಕವರ್ ಪದ್ಧತಿಯ ಬಗ್ಗೆ ನನಗಿರುವ ಮೆಚ್ಚುಗೆ ಬಹುಪಾಲು ಇದಕ್ಕೇ. ಕೂಡುವ, ಕಳೆಯುವ ಲೆಕ್ಕವನ್ನು ಹಳ್ಳಿಯ ಹೆಂಗಸರು ಕವರ್ ಇಲ್ಲದೆಯೂ ಬಾಯಲ್ಲೇ ಮಾಡುತ್ತಾರೆ. ಇಲ್ಲ ಎನ್ನಲು ಒಂದು ನೆಪ, ಕೈಗೆ ಹಿಡಿದು ತೋರಿಸಬಹುದಾದ ನೆಪ ಬೇಕಿತ್ತು. ಅದನ್ನು ಕವರ್ ಕೊಟ್ಟಿತು.

ಆಷಾಢದಲ್ಲಿ ಮದುವೆ ಇಲ್ಲ, ಮುಯ್ಯಿಯ ಕವರಿಗೆ ಬಿಡುವು. ಅದೇ ಹೊತ್ತಿಗೆ ಸ್ಕೂಲಿನ ನೋಟ್‌ಬುಕ್ಕು, ಶೂ, ಬ್ಯಾಗಿನ ಖರ್ಚು. ಜಾಣೆಯರು ಮುಯ್ಯಿಯಿಂದ ಸ್ಕೂಲಿಗೆ ಕೈಗಡ ಕೊಡಿಸುತ್ತಾರೆ, ಆದರೆ ಸುಮ್ಮನೆ ಅಲ್ಲ. ‘ಸ್ಕೂಲಿಗೆ 800, ಗೌರಿ ಹಬ್ಬದೊಳಗೆ’ ಎಂದು ಚೀಟಿ ಬರೆದು ಮುಯ್ಯಿಯ ಕವರಿನೊಳಗೆ ಇಡುತ್ತಾರೆ. ಪಕ್ಕದ ಕವರ್ ಮುಟ್ಟಲೇಬಾರದು ಎನ್ನುವ ಪಂಡಿತರ ನಿಯಮಕ್ಕಿಂತ ಈ ಚೀಟಿ ಹೆಚ್ಚು ಬಾಳಿಕೆ ಬರುವಂಥದ್ದು.

ಹಬ್ಬದ ದುಡ್ಡಿಗೆ ಮನೆಯ ಕವರ್ ಸಾಲದು ಎಂದು ಕಂಡುಕೊಂಡವರು ಚೀಟಿ ಕಟ್ಟುತ್ತಾರೆ. ಯುಗಾದಿಯ ಮಾರನೆಯ ದಿನ ಹೊಸತೊಡಕು; ಅಂದು ಬಾಡಿಲ್ಲದ ಮನೆ ಈ ಕಡೆ ವಿರಳ. ಮಟನ್ ಬೆಲೆ ಅಂದಿಗೆ ಏರಿರುತ್ತದೆಂದು ವರ್ಷವಿಡೀ ತಿಂಗಳಿಗೆ ಇಂತಿಷ್ಟು ಎಂದು ಕಟ್ಟಿ, ಹಬ್ಬಕ್ಕೆ ಕುರಿ ತಂದು ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳುತ್ತಾರೆ. ಗುಡ್ಡೆಬಾಡು ಎಂದರೆ ಹಂಚಿಕೆಯಷ್ಟೇ ಅಲ್ಲ, ಅದರ ಹಿಂದೆ ಒಂದು ವರ್ಷದ ಉಳಿತಾಯ ಇರುತ್ತದೆ. ದೊಡ್ಡ ಮೊತ್ತದ ಹರಾಜು ಚೀಟಿಯದು ಬೇರೆ ದಾರಿ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದ್ದರೆ, 2019ರ ತಿದ್ದುಪಡಿಯ ಪ್ರಕಾರ ನಡೆಸುವವರ ಕಮಿಷನ್ ಶೇ 7 ದಾಟುವಂತಿಲ್ಲ. ನೋಂದಣಿ ಇಲ್ಲದ ಚೀಟಿಯಲ್ಲಿ ಇರುವುದು ಪರಿಚಯದ ಮುಖ ಒಂದೇ. ಆ ಮುಖ ಒಂದು ಬೆಳಿಗ್ಗೆ ಊರಿನಲ್ಲಿ ಕಾಣದಿದ್ದರೆ ಕೇಳಲು ಕಾಗದ ಇರುವುದಿಲ್ಲ. ಪೇಟೆಯ ಅಂಗಡಿಯವರಿಗೆ ಪಿಗ್ಮಿ ಒಗ್ಗಿದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ್ದು ಅದು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಅಂಗಡಿ ಬಾಗಿಲಿಗೆ ಬಂದು ದಿನದ ದುಡ್ಡು ಎತ್ತುವ ಪಿಗ್ಮಿಯವರು ಬೇರೆ ಬೇರೆ ಬ್ಯಾಂಕು, ಸೊಸೈಟಿಗಳ ಹೆಸರಿನಲ್ಲಿ ಈಗಲೂ ಓಡಾಡುತ್ತಿದ್ದಾರೆ.

ಮನೆಯ ಕವರ್‌ಗಳಲ್ಲಿ ಗುಟ್ಟಿನದೂ ಒಂದು ಇರುತ್ತಿತ್ತು. ಸಾಸಿವೆ ಡಬ್ಬಿಯ ತಳದಲ್ಲಿ, ರಾಗಿ ಹಿಟ್ಟಿನ ಟಿನ್ನಿನಲ್ಲಿ, ಹಳೆ ರವಿಕೆಯ ಮಡಿಕೆಯಲ್ಲಿ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಅವೆಲ್ಲ ಹೊರಗೆ ಬರಬೇಕಾಯಿತು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಜಮಾ ಮಾಡಿದರೆ ಕೇಳುವುದಿಲ್ಲ ಎಂದು ಸರ್ಕಾರ ಹೇಳಿತು. ತೆರಿಗೆಯವರು ಕೇಳಲಿಲ್ಲ, ಗಂಡ ಕೇಳಿದ. ಆ ಮೇಲೆ ಎಷ್ಟೋ ಹೆಂಗಸರು ನೋಟು ಬಿಟ್ಟು ಅರ್ಧ ಗ್ರಾಂ, ಒಂದು ಗ್ರಾಂ ಚಿನ್ನದ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷದ ಏಪ್ರಿಲಿನಲ್ಲಿ ಇನ್ನೊಂದು ನಡೆದಿತ್ತು. ಪಿ.ಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನಕ್ಕೆ, 19ರಂದು, ಕೇಂದ್ರ ಸರ್ಕಾರ ನಿಯಮ ವಾಪಸು ಪಡೆಯಿತು. ಉಳಿತಾಯದ ಬುದ್ಧಿ ಇಲ್ಲದವರು ಎಂದು ಅಂದು ಅವರನ್ನು ಆಡಿಕೊಂಡವರಿದ್ದರು. ಕೆಲಸ ಬಿಟ್ಟಾಗ ಮಗಳ ಮದುವೆಗೋ ಮನೆಯ ತಾರಸಿಗೋ ಎಂದು ಆ ಹೆಣ್ಣುಮಕ್ಕಳು ಮನಸ್ಸಿನಲ್ಲಿ ಆಗಲೇ ಹೆಸರಿಟ್ಟಿದ್ದ ದುಡ್ಡು ಅದು. ಬೇರೆಯವರು ಬಂದು ಆ ಹೆಸರನ್ನು ಅಳಿಸಿ ಮುಪ್ಪು ಎಂದು ಬರೆಯಲು ಹೊರಟಿದ್ದರು.

ಕವರ್‌ಗಳ ಪೈಕಿ ನನಗೆ ಕಳವಳ ಹುಟ್ಟಿಸುವುದು ಸಂಘದ್ದು. ಸ್ತ್ರೀಶಕ್ತಿ ಸಂಘಗಳು 2000–01ರಲ್ಲಿ ಶುರುವಾದಾಗ ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಒಟ್ಟುಗೂಡಿಸಿ, ಆ ದುಡ್ಡಿನಿಂದಲೇ ತಮ್ಮೊಳಗೆ ಸಾಲ ಕೊಟ್ಟುಕೊಳ್ಳುತ್ತಿದ್ದರು. ಅದು ಉಳಿತಾಯದ ಕವರ್. ಮೈಕ್ರೋಫೈನಾನ್ಸ್ ಬಂದ ಮೇಲೆ ಅದೇ ಜಗಲಿ, ಅದೇ ಹತ್ತು ಹೆಂಗಸರು, ಅದೇ ವಾರದ ಸಭೆ. ಆದರೆ ದುಡ್ಡು ಹರಿಯುವ ದಿಕ್ಕು ಬೇರೆ. ಮೂರು ಲಕ್ಷದೊಳಗಿನ ವಾರ್ಷಿಕ ಆದಾಯದ ಮನೆಗೆ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬುದು 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಮೇಲಿನ 18,000ದ ಮನೆಗೆ ಅರ್ಧವೆಂದರೆ 9,000. ದಿನಸಿ, ತರಕಾರಿ, ಗ್ಯಾಸು ಕಳೆದು ನೋಡಿ: ಸ್ಕೂಲು, ಆಸ್ಪತ್ರೆ, ಮುಯ್ಯಿ, ಮೊಬೈಲು ಎಲ್ಲಕ್ಕೂ ಸೇರಿ 500 ಉಳಿಯುತ್ತದೆ. ನಿಯಮದೊಳಗೇ ಇದ್ದು ಮನೆ ಮುಳುಗಬಹುದು. ವಸೂಲಿಯ ಕಿರುಕುಳದ ಸುದ್ದಿಗಳು ಒಂದರ ಮೇಲೊಂದು ಬಂದ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಒಳ್ಳೆಯದೇ. ಆದರೆ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದ ಮನೆಯಲ್ಲಿ ಎಷ್ಟು ಕವರ್ ಜೋಡಿಸಿಟ್ಟರೂ ಫಲವಿಲ್ಲ. ಅಲ್ಲಿ ಬೇಕಿರುವುದು ಹೊಸ ಸಾಲ ನಿಲ್ಲಿಸಿ, ಇರುವ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆದು, ಸಣ್ಣದನ್ನು ಮೊದಲು ಮುಗಿಸಿ ವಾರದ ಒಂದು ದಿನವನ್ನಾದರೂ ಬಿಡಿಸಿಕೊಳ್ಳುವುದು.

ಎಲ್ಲರ ಕೈಯಲ್ಲೂ ಮೊಬೈಲಿರುವ ಈ ಕಾಲದಲ್ಲಿ ನೋಟಿನ ಕವರ್ ಎಲ್ಲಿ ನಿಂತೀತು ಎಂದು ಕೇಳುವವರಿದ್ದಾರೆ. ಮದ್ದೂರಿನಲ್ಲಿ ವಡೆ ತಿಂದರೂ ಸ್ಕ್ಯಾನು, ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಕೊಂಡರೂ ಸ್ಕ್ಯಾನು. ಖಾತೆಯಲ್ಲಿ ಹಾಲು, ಸಂಬಳ, ಗೃಹಲಕ್ಷ್ಮಿ ಎಲ್ಲ ಒಂದೇ ಗುಡ್ಡೆಯಾಗಿ ಬಿದ್ದಿರುತ್ತದೆ. ಯಾವುದಕ್ಕೆ ಯಾವುದು ಎಂಬ ಗುರುತೇ ಇರುವುದಿಲ್ಲ. ಪೂರ್ತಿ ನೋಟಿಗೇ ವಾಪಸಾಗಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೈಜಾರುವ ಖರ್ಚು ಯಾವುವೋ ಅವಕ್ಕೆ ಮಾತ್ರ ಕವರ್ ಸಾಕು: ಸಂತೆ, ಬಾಡು, ಮುಯ್ಯಿ, ಕೈಖರ್ಚು. ಫೀಸು, ಗ್ಯಾಸು ಖಾತೆಯಿಂದಲೇ ಹೋಗಲಿ. ಮೊಬೈಲಿನಲ್ಲೇ ಬೇಕೆನ್ನುವವರಿಗೆ ಯುಪಿಐ ಲೈಟ್ ಇದೆ. ಐದು ಸಾವಿರದವರೆಗೆ ಅದರಲ್ಲಿ ತುಂಬಿಸಿಡಬಹುದು. ವಾರಕ್ಕೆ ಆರುನೂರು ತುಂಬಿಸಿ, ತಾನಾಗಿ ಮತ್ತೆ ತುಂಬಿಕೊಳ್ಳುವ ಸೌಲಭ್ಯವನ್ನು ಆರಿಸಿಟ್ಟರೆ ಅದೂ ಒಂದು ಸಂತೆ ಕವರ್ರೇ. ಅಂಚೆ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದ ಆರ್.ಡಿ. ತೆರೆಯಬಹುದು, ಆಸ್ಪತ್ರೆಯ ಕವರಿನಲ್ಲಿ ಉಳಿದದ್ದಕ್ಕೆ ಒಳ್ಳೆಯ ಜಾಗ.

ಇನ್ನು ಕಬ್ಬಿನ ದುಡ್ಡು. ಎಕರೆಗೆ ನಲವತ್ತು ಟನ್, ಕಟಾವು, ಸಾಗಣೆ ಕಳೆದು ಟನ್ನಿಗೆ 2,500 ಕೈಗೆ ಬಂತೆಂದು ಹಿಡಿದರೆ ಒಂದು ಲಕ್ಷ. ಖಾತೆಗೆ ಲಕ್ಷ ಬಿದ್ದ ವಾರ ಮನೆಯಲ್ಲಿ ಟಿ.ವಿ., ಬೈಕು, ಹಳೆ ಆಸೆಗಳೆಲ್ಲ ಎದ್ದು ಕೂರುತ್ತವೆ. ಅದಕ್ಕೆ ಮೂರು ಕವರ್ ಮೊದಲು. ಕೂಳೆ ಬೆಳೆಯ ಗೊಬ್ಬರ, ಕಳೆ, ಆಳಿಗೆ 35,000 ಎತ್ತಿಡಬೇಕು. ಸೊಸೈಟಿಯ ಬೆಳೆಸಾಲ 30,000 ಇದೆ ಎನ್ನೋಣ. ಐದು ಲಕ್ಷದವರೆಗೆ ಬಡ್ಡಿ ಇಲ್ಲದ ಸಾಲ ಅದು, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಉಳಿದ 35,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,900 ಚಿಲ್ಲರೆ. ಲಕ್ಷ ಎಂದು ಕಂಡದ್ದು ಮನೆಗೆ ಸಿಕ್ಕುವುದು ಇಷ್ಟು. ಹನ್ನೆರಡು ಕವರಿನ ಮೇಲೆ ಹನ್ನೆರಡು ತಿಂಗಳ ಹೆಸರು ಬರೆದು ಹಂಚಿದರೆ ಈ ಸತ್ಯ ಮೊದಲ ದಿನವೇ ತಿಳಿಯುತ್ತದೆ, ಇಲ್ಲದಿದ್ದರೆ ನಾಲ್ಕನೇ ತಿಂಗಳು ತಿಳಿಯುತ್ತದೆ.

ಇದೆಲ್ಲ ಕಾರ್ಖಾನೆಯವರು ಹೊತ್ತಿಗೆ ಸರಿಯಾಗಿ ದುಡ್ಡು ಹಾಕಿದರೆ. ಬೆಲೆ ಒಂದಿಷ್ಟು ಕಡಿಮೆಯಾದರೂ ಸರಿ ಎಂದು ಆಲೆಮನೆಗೆ ಕಬ್ಬು ಹಾಕುವವರು ಹಾಕುವುದು ಕೈಗೆ ಬೇಗ ಕಾಸು ಸಿಗುತ್ತದೆ ಎಂದೇ. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಲಕ್ಷಕ್ಕೆ ಎರಡು ತಿಂಗಳು ತಡವಾದರೆ ಅದು 2,500 ರೂಪಾಯಿ, ಹೆಚ್ಚುಕಡಿಮೆ ಒಂದು ತಿಂಗಳ ಕವರ್. ಲಾರಿ ಹೋದ ದಿನದ ರಸೀದಿಯನ್ನು ಜೋಪಾನ ಮಾಡಿ, ಹದಿನಾಲ್ಕನೇ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಂದಿಗೂ ದುಡ್ಡು ಬೀಳದಿದ್ದರೆ ಬಡ್ಡಿ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಬರೆಯುವುದೂ ಮನೆಖರ್ಚಿನ ಲೆಕ್ಕಕ್ಕೇ ಸೇರಿದ ಕೆಲಸ.